ಮಳೆಗಾಲ ಪೂರ್ತಿ ನಿಂತಿದ್ದ ತೋಟದ ಎಟಿವಿ ಸ್ಟಾರ್ಟ್ ಆಗುತ್ತಿಲ್ಲ, ಏರಿನಲ್ಲಿ ಎಳೆಯುತ್ತಿಲ್ಲ. ಎಲ್ಲಿಂದ ನೋಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಸೆಕೆಂಡ್ ಹ್ಯಾಂಡ್ ಎಟಿವಿ, ಅಂದರೆ ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಚಿಕ್ಕ ಗಾಡಿ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇದೆ, ಎಂಜಿನ್ ಶಕ್ತಿ ಚಕ್ರಕ್ಕೆ ಹೋಗುವುದು ಬೆಲ್ಟಿನಿಂದ. ಜೂನ್‌ನಲ್ಲಿ ಶೆಡ್ಡಿಗೆ ತಳ್ಳಿದ್ದನ್ನು ಈಗ ಹೊರಗೆ ತೆಗೆದು ಪ್ರೆಶರ್ ವಾಷರ್‌ನಲ್ಲಿ ಚೆನ್ನಾಗಿ ತೊಳೆದಿದ್ದೀರಿ. ಸೆಲ್ಫ್ ಒತ್ತಿದರೆ ಟಿಕ್ ಟಿಕ್ ಅನ್ನುತ್ತದೆ. ಜೀಪಿನ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ಸ್ಟಾರ್ಟ್ ಆಗುತ್ತದೆ, ಆದರೆ ಚೋಕ್ ಬಿಟ್ಟ ತಕ್ಷಣ ನಿಲ್ಲುತ್ತದೆ. ಹೇಗೋ ಓಡಿಸಿಕೊಂಡು ಗೊಬ್ಬರದ ಚೀಲ ಇಟ್ಟು ಏರು ಹತ್ತಿಸಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಪೇಟೆಯ ಮೆಕ್ಯಾನಿಕ್ ನೋಡಿ ಎಂಜಿನ್ ಬಿಚ್ಚಬೇಕು ಅಂದಿದ್ದಾರೆ.

ದಯವಿಟ್ಟು ಈಗಲೇ ಎಂಜಿನ್ ಬಿಚ್ಚಿಸಬೇಡಿ. ನೀವು ಬರೆದಿರುವುದರಲ್ಲಿ ಎಂಜಿನ್ ಒಳಗೆ ಹಾಳಾದ ಲಕ್ಷಣ ಒಂದೂ ಇಲ್ಲ. ಬ್ಯಾಟರಿ ಇಳಿದಿದೆ, ಹಳೇ ಪೆಟ್ರೋಲ್ ಕಾರ್ಬುರೇಟರ್‌ನಲ್ಲಿ ಕಟ್ಟಿಕೊಂಡಿದೆ, ಬೆಲ್ಟಿನ ಡಬ್ಬಕ್ಕೆ ನೀರು ಹೋಗಿದೆ. ಮೊದಲ ಎರಡು ಸುಮ್ನೆ ನಿಂತಿದ್ದರಿಂದ ಆದದ್ದು. ಮೂರನೆಯದಕ್ಕೆ ಪ್ರೆಶರ್ ವಾಷರ್ ಮೇಲೆ ನನಗೆ ಅನುಮಾನ. ನಮ್ಮ ತೋಟ ನಾಪೋಕ್ಲು ಕಡೆ. ಇಲ್ಲಿ ನಾನು ಕಂಡಂತೆ ಈ ಗಾಡಿಗಳು ದುಡಿದು ಕೆಡುವುದಕ್ಕಿಂತ ಮಳೆಯಲ್ಲಿ ನಿಂತು ಕೆಡುವುದೇ ಜಾಸ್ತಿ.

ಬ್ಯಾಟರಿಯಿಂದ ಶುರು ಮಾಡಿ. ಟಿಕ್ ಅನ್ನುವುದು ಸ್ಟಾರ್ಟರ್ ರಿಲೇ, ಸೆಲ್ಫ್ ಮೋಟಾರಿಗೆ ಕರೆಂಟ್ ಜೋಡಿಸುವ ಸ್ವಿಚ್. ರಿಲೇ ಎಳೆಯುವಷ್ಟು ಕರೆಂಟ್ ಇದೆ, ಮೋಟಾರ್ ತಿರುಗಿಸುವಷ್ಟು ಇಲ್ಲ. ಸಾಧಾರಣ ಮಲ್ಟಿಮೀಟರ್ ಒಂದು ತಂದಿಟ್ಟುಕೊಳ್ಳಿ. ಗಾಡಿ ಆಫ್ ಆಗಿ ಕೆಲವು ಗಂಟೆ ಕಳೆದ ಮೇಲೆ ಬ್ಯಾಟರಿ 12.6 ವೋಲ್ಟ್ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ತೋರಿಸಿದರೆ ಚಾರ್ಜ್ ಪೂರ್ತಿ ಇದೆ. 12.2 ಅಂದರೆ ಸುಮಾರು ಅರ್ಧ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಆ ಬ್ಯಾಟರಿಯ ಕಥೆ ಮುಗಿಯಿತು. ಎಂಜಿನ್ ಓಡುತ್ತಿರುವಾಗ ಸ್ವಲ್ಪ ರೇಸ್ ಕೊಟ್ಟು ನೋಡಿ, 14ರ ಆಸುಪಾಸು ಬರಬೇಕು. ಬರದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಅದೇ ಗೋಳು, ಚಾರ್ಜಿಂಗ್ ಲೈನ್ ನೋಡಿಸಬೇಕು. ಬ್ಯಾಟರಿ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ವೈರ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ ಉಜ್ಜಿ ಒರೆಸಿ, ವ್ಯಾಸಲಿನ್ ಹಚ್ಚಿ ಬಿಗಿ ಮಾಡಿ. ಚಾಸಿಗೆ ಸೇರುವ ಅರ್ತ್ ವೈರಿನ ಬೋಲ್ಟ್ ಕೂಡ ಬಿಚ್ಚಿ ತುಕ್ಕು ಕೆರೆಯಿರಿ. ಅದನ್ನು ಬಹಳ ಜನ ಮರೆಯುತ್ತಾರೆ.

ಜೀಪಿನಿಂದ ಕರೆಂಟ್ ಕೊಡುವಾಗ ಜೀಪಿನ ಎಂಜಿನ್ ಆಫ್ ಇರಲಿ. ಎಟಿವಿಯ ಚಿಕ್ಕ ಬ್ಯಾಟರಿಗೆ ಓಡುವ ಜೀಪಿನ ಚಾರ್ಜಿಂಗ್ ತಡೆಯುವ ಶಕ್ತಿ ಇಲ್ಲ.

ಮುಂದೆ ಎಂದಾದರೂ ಟಿಕ್ ಅನ್ನುವ ಶಬ್ದವೂ ಬರದೆ ಪೂರ್ತಿ ಸುಮ್ಮನಿದ್ದರೆ ಬ್ಯಾಟರಿಯನ್ನೇ ಬೈಯಬೇಡಿ. ಈ ಗಾಡಿಗಳಲ್ಲಿ ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿ ಇರಬೇಕು, ಹಲವುಗಳಲ್ಲಿ ಬ್ರೇಕ್ ಹಿಡಿದಿರಬೇಕು, ಆಗಲೇ ಸೆಲ್ಫ್ ಕೆಲಸ ಮಾಡುವುದು. ಬ್ರೇಕ್ ಲಿವರಿನ ಬುಡದಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಅದರ ಸಂದಿಗೆ ಕೆಂಪು ಮಣ್ಣು ಸೇರಿ ಒಣಗಿದರೆ ಗುಂಡಿ ಒತ್ತಿದಲ್ಲೇ ಅಂಟಿಕೊಳ್ಳುತ್ತದೆ, ನೀವು ಬ್ರೇಕ್ ಹಿಡಿದರೂ ಗಾಡಿಗೆ ಗೊತ್ತಾಗುವುದಿಲ್ಲ. ಬ್ರೇಕ್ ಹಿಡಿದಾಗ ಹಿಂದಿನ ದೀಪ ಹೊತ್ತುತ್ತಾ ನೋಡಿ. ಹೊತ್ತದಿದ್ದರೆ ಹಳೇ ಟೂತ್ ಬ್ರಷ್ ಮತ್ತು ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಫ್ಯೂಸ್ ಮತ್ತು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಕೂಡ ಆಗಲೇ ನೋಡಿಬಿಡಿ.

ಇನ್ನು ಚೋಕ್ ವಿಚಾರ. ಚೋಕ್ ಇದ್ದರೆ ಓಡುತ್ತದೆ, ತೆಗೆದರೆ ಸಾಯುತ್ತದೆ ಅಂದರೆ ಐಡಲ್‌ಗೆ, ಅಂದರೆ ರೇಸ್ ಕೊಡದೆ ಎಂಜಿನ್ ಓಡುವುದಕ್ಕೆ, ಪೆಟ್ರೋಲ್ ಕೊಡುವ ಸಣ್ಣ ತೂತಿನ ಪೈಲಟ್ ಜೆಟ್ ಕಟ್ಟಿದೆ. ಬಹುಪಾಲು ಹೀಗೇ ಇರುತ್ತದೆ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ನಮ್ಮಲ್ಲಿ ಗೋಡೆಯೇ ಬೆವರುವಾಗ ಶೆಡ್ಡಿನಲ್ಲಿರುವ ಟ್ಯಾಂಕ್ ಒಣಗಿರುತ್ತದೆಯೇ? ನೀರು ಒಂದು ಮಟ್ಟ ದಾಟಿದರೆ ಎಥನಾಲ್ ಸಮೇತ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಕಾರ್ಬುರೇಟರಿಗೆ ಹೋಗುವುದು ತಳದ್ದೇ ತಾನೇ.

ಇದನ್ನು ಕಣ್ಣಾರೆ ನೋಡಬಹುದು. ಪೆಟ್ರೋಲ್ ಕಾಕ್ ಮುಚ್ಚಿ. ಕಾರ್ಬುರೇಟರಿನ ಕೆಳಗಿನ ಬೌಲಿಗೆ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಅದನ್ನು ಸಡಿಲ ಮಾಡಿ ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿಯಿರಿ, ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅಥವಾ ಗುಳ್ಳೆಗಳ ಹಾಗೆ ಏನಾದರೂ ಉರುಳಾಡಿದರೆ ಅದು ನೀರು. ವಾರ್ನಿಷ್ ವಾಸನೆ ಬಂದರೆ ಪೆಟ್ರೋಲ್ ಕೆಟ್ಟಿದೆ. ಎರಡರಲ್ಲಿ ಯಾವುದಾದರೂ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಲೇಬೇಕು. ಹಳೆಯದರ ಮೇಲೆ ಹೊಸದು ಸುರಿದರೆ ಕೆಲಸ ಆಗುವುದಿಲ್ಲ. ಇದೆಲ್ಲ ಬಯಲಲ್ಲಿ ಮಾಡಿ, ಹತ್ತಿರ ಬೀಡಿ, ಒಲೆ ಬೇಡ.

ಆಮೇಲೆ ಬೌಲ್ ಬಿಚ್ಚಿ. ದೊಡ್ಡ ಹಿತ್ತಾಳೆ ಜೆಟ್ ಪಕ್ಕದಲ್ಲಿ ಒಳಗೆ ಕೂತಿರುವ ತೆಳ್ಳಗಿನದೇ ಪೈಲಟ್ ಜೆಟ್. ಬಾಯಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಲ್ಲೇ ತಿರುಗಿಸಿ, ಹಿತ್ತಾಳೆ ಮೆದು, ಜಾರಿದರೆ ಬಾಯಿ ಕಿತ್ತುಹೋಗುತ್ತದೆ. ತೆಗೆದು ಬೆಳಕಿಗೆ ಹಿಡಿಯಿರಿ. ಈ ತುದಿಯಿಂದ ಆ ತುದಿಗೆ ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಾಣಬೇಕು. ಕಾಣದಿದ್ದರೆ, ಅಥವಾ ಅರ್ಧಚಂದ್ರದ ಆಕಾರದಲ್ಲಿ ಕಂಡರೆ, ಸಿಕ್ಕಿತು ನಿಮ್ಮ ತೊಂದರೆ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಸಿ, ಮತ್ತೆ ಹೊಡೆಯಿರಿ. ಆಗಲೂ ಬಿಡದಿದ್ದರೆ ವೈರಿನ ಒಂದೇ ಒಂದು ತಾಮ್ರದ ಎಳೆ ಹಾಕಿ ಮೆಲ್ಲಗೆ ಆಡಿಸಿ. ಸೇಫ್ಟಿ ಪಿನ್ ಖಂಡಿತ ಬೇಡ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಆಮೇಲೆ ಗಾಡಿ ಎಂದಿಗೂ ಸರಿಯಾಗಿ ಐಡಲ್ ನಿಲ್ಲುವುದಿಲ್ಲ. ಕಾರ್ಬುರೇಟರಿನ ದೇಹದಲ್ಲಿರುವ ಸಣ್ಣ ದಾರಿಗಳಿಗೂ ಸ್ಪ್ರೇ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಆ ಸ್ಪ್ರೇ ಎಲ್ಲಿಂದ ಹಾರಿ ಬರುತ್ತದೆ ಅಂತ ಹೇಳಲಾಗುವುದಿಲ್ಲ.

ಇದನ್ನು ಓದುವ ಬೇರೆಯವರ ಗಾಡಿ ಫ್ಯುಯೆಲ್ ಇಂಜೆಕ್ಷನ್ ಆಗಿದ್ದರೆ ಚೋಕ್, ಜೆಟ್ ಎರಡೂ ಇಲ್ಲ. ಕೀ ಆನ್ ಮಾಡಿದಾಗ ಒಂದೆರಡು ಸೆಕೆಂಡ್ ಪಂಪ್ ಗುಂಯ್‌ಗುಟ್ಟಬೇಕು. ಆ ಶಬ್ದ ಇಲ್ಲದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಫ್ಯೂಸ್ ನೋಡಿ.

ಈಗ ಏರಿನ ತೊಂದರೆ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಏರಿನಲ್ಲಿ ಎಂಜಿನ್ ಉಸಿರುಗಟ್ಟಿ ಬಂದ್ ಆದರೆ ಬ್ರೇಕ್ ಹಿಡಿದುಕೊಂಡಿದೆ, ಏರ್ ಫಿಲ್ಟರ್ ಕಟ್ಟಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ನಿಮ್ಮದು ಹಾಗಲ್ಲ. ಎಂಜಿನ್ ಜೋರಾಗಿ ಓಡುತ್ತದೆ, ಚಕ್ರಕ್ಕೆ ಶಕ್ತಿ ಮುಟ್ಟುವುದಿಲ್ಲ. ಅಂದರೆ ಬೆಲ್ಟ್ ಜಾರುತ್ತಿದೆ. ರಬ್ಬರ್ ವಾಸನೆಯೂ ಅದನ್ನೇ ಹೇಳುತ್ತದೆ.

ಎಂಜಿನ್ ಪಕ್ಕದ ಪ್ಲಾಸ್ಟಿಕ್ ಡಬ್ಬದೊಳಗೆ ಎರಡು ಪುಲ್ಲಿ ನಡುವೆ ಆ ಬೆಲ್ಟ್ ಇದೆ. ಡಬ್ಬದ ತಳದಲ್ಲಿ ಸಾಮಾನ್ಯವಾಗಿ ಒಂದು ಡ್ರೈನ್ ಪ್ಲಗ್ ಇರುತ್ತದೆ. ಸಮತಟ್ಟಾದ ಕಣದಲ್ಲಿ ಗಾಡಿ ನಿಲ್ಲಿಸಿ ಅದನ್ನು ತೆಗೆಯಿರಿ. ನೀರು ಬಂದರೆ ಪೂರ್ತಿ ಸೋರಲು ಬಿಡಿ. ಪ್ಲಗ್ ಮತ್ತೆ ಹಾಕಿ, ನ್ಯೂಟ್ರಲ್‌ನಲ್ಲಿ ಇಟ್ಟು, ಎಂಜಿನ್ ಓಡಿಸಿ ಹಗುರಾಗಿ ರೇಸ್ ಕೊಡುತ್ತಾ ಒಂದೆರಡು ನಿಮಿಷ ಬಿಡಿ. ಒಳಗಿನ ಗಾಳಿಗೆ ಬೆಲ್ಟ್ ಒಣಗುತ್ತದೆ. ಬರೀ ನೀರಿನಿಂದ ಜಾರುತ್ತಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ.

ನಿಮ್ಮಲ್ಲಿ ವಾಸನೆ ಬರುವಷ್ಟು ಜಾರಿರುವುದರಿಂದ ಡಬ್ಬ ಬಿಚ್ಚಿ ನೋಡಲೇಬೇಕು. ಬೆಲ್ಟಿನ ಪಕ್ಕಗಳ ಮೇಲೆ ಬೆರಳಾಡಿಸಿ. ಒಂದು ಜಾಗದಲ್ಲಿ ಮಾತ್ರ ಸವೆದು ತೆಳ್ಳಗಾಗಿದ್ದರೆ, ಗಾಜಿನಂತೆ ಹೊಳೆಯುತ್ತಿದ್ದರೆ, ಅಂಚಿನಲ್ಲಿ ನೂಲು ಎದ್ದಿದ್ದರೆ, ಹಲ್ಲಿನ ಬುಡದಲ್ಲಿ ಬಿರುಕು ಇದ್ದರೆ ಹೊಸದು ಬೇಕು. ಪುಲ್ಲಿಯ ಮುಖಗಳನ್ನು ಒಣಬಟ್ಟೆಯಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ. ಎಣ್ಣೆ, ಗ್ರೀಸ್ ಮುಟ್ಟಿದ ಕೈಯಲ್ಲಿ ಮುಟ್ಟಲೇಬಾರದು. ಬೆಲ್ಟಿನ ಮೇಲೆ ಬಾಣದ ಗುರುತು ಇದ್ದರೆ ಅದೇ ದಿಕ್ಕಿಗೆ ಕೂರಿಸಿ.

ಪೇಟೆಯಲ್ಲಿ ಎಟಿವಿ ಗೊತ್ತಿರುವವರು ಇಲ್ಲ ಅಂದಿದ್ದೀರಿ. ಗೇರ್ ಇಲ್ಲದ ಸ್ಕೂಟರ್ ರಿಪೇರಿ ಮಾಡುವವರನ್ನು ಕೇಳಿ. ಸ್ಕೂಟರಿನೊಳಗೂ ಇದೇ ರೀತಿಯ ಬೆಲ್ಟ್, ಇದೇ ಎರಡು ಪುಲ್ಲಿ. ಗಾತ್ರ ಮಾತ್ರ ಬೇರೆ. ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪ, ಎಲ್ಲಿ ಬೇಕಾದರೂ ಅಂಥವರು ಸಿಗುತ್ತಾರೆ. ಬೇರಿಂಗ್ ಹೋದರೂ ಅಷ್ಟೇ, ಕಂಪನಿಯ ಬಿಡಿಭಾಗಕ್ಕೆ ಕಾಯಬೇಕಾಗಿಲ್ಲ. ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ. 6204 ಅಂತ ಇದ್ದರೆ ಒಳಗೆ 20 ಮಿಲಿಮೀಟರ್, ಹೊರಗೆ 47, ದಪ್ಪ 14. ಯಾವ ಕಂಪನಿಯದಾದರೂ ಇದೇ ಅಳತೆ. ಮೈಸೂರಿನ ಬೇರಿಂಗ್ ಅಂಗಡಿಯಲ್ಲಿ ನಂಬರ್ ಹೇಳಿದರೆ ಸಾಕು. ನಮ್ಮ ಕೆಸರಿಗೆ ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ.

ಮುಂದಕ್ಕೆ ಬೆಲ್ಟ್ ಉಳಿಯಬೇಕಾದರೆ ಹೊರೆ ಇಟ್ಟಾಗ, ಏರು ಹತ್ತುವಾಗ, ನಿಧಾನಕ್ಕೆ ಹೋಗುವಾಗ ಲಿವರ್ ಎಲ್ ಅಂದರೆ ಲೋನಲ್ಲಿ ಇರಲಿ. ಎಚ್ ಅಂದರೆ ಹೈನಲ್ಲೇ ಇಟ್ಟು ಏರಿಗೆ ಹತ್ತಿಸುವುದರಿಂದಲೇ ತೋಟಗಳಲ್ಲಿ ಹೆಚ್ಚಿನ ಬೆಲ್ಟ್ ಸುಡುವುದು. ಗಾಡಿ ಓಡಿಸುವ ಹುಡುಗರಿಗೂ ಇದನ್ನು ನಿಂತು ತೋರಿಸಿಕೊಡಿ.

ತೊಳೆಯುವುದಕ್ಕೆ ಸಾಧಾರಣ ಪೈಪ್ ನೀರು ಸಾಕು. ಪ್ರೆಶರ್ ನೀರು ಬೇರಿಂಗ್ ಸೀಲ್, ವೈರ್ ಜಾಯಿಂಟ್, ಬೆಲ್ಟ್ ಡಬ್ಬದ ಗಾಳಿ ಪೈಪ್ ಎಲ್ಲದರೊಳಗೂ ನುಗ್ಗುತ್ತದೆ. ರೇಡಿಯೇಟರ್ ಇದ್ದರೆ ಅದರ ರೆಕ್ಕೆಗಳ ನಡುವಿನ ಮಣ್ಣು ಮಾತ್ರ ಬಿಡಬೇಡಿ, ಮೆಲ್ಲಗೆ ನೀರು ಬಿಟ್ಟು ತೆಗೆಯಿರಿ. ಮೆಣಸಿನ ಬಳ್ಳಿಗೆ ಬೋರ್ಡೊ ಹೊಡೆಯಲು ಡ್ರಮ್ ಸಾಗಿಸಿದ್ದರೆ ಅದೇ ಸಂಜೆ ಕ್ಯಾರಿಯರ್ ತೊಳೆಯಬೇಕು. ಬೋರ್ಡೊ ದ್ರಾವಣದಲ್ಲಿರುವ ಮೈಲುತುತ್ತ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಪೊಟ್ಯಾಷ್, ಯೂರಿಯಾ ಚೆಲ್ಲಿದರೂ ತೇವ ಎಳೆದು ತುಕ್ಕು ಹಿಡಿಸುತ್ತವೆ.

ಏರ್ ಫಿಲ್ಟರ್ ಡಬ್ಬ ತೆರೆಯುವಾಗ ಹುಷಾರು, ಮಳೆಗಾಲದಲ್ಲಿ ಇಲಿ ಗೂಡು ಕಟ್ಟಿರುವುದು ಉಂಟು. ವೈರ್ ಕಡಿದಿದೆಯಾ ಅಂತಲೂ ನೋಡಿ. ಸ್ಪಾಂಜ್ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಫಿಲ್ಟರ್ ಎಣ್ಣೆ ಹಾಕಿ ಹಿಂಡಿ. ಕಾಗದದ್ದಾದರೆ ಬದಲಾಯಿಸಿ. ಕೊಯ್ಲಿನ ಕಾಲದ ಧೂಳಿಗೆ ಇದು ಬೇಗ ಕಟ್ಟುತ್ತದೆ.

ಎಂಜಿನ್ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಸ್ಟಾರ್ಟ್ ಮಾಡದೆ ಬದಲಾಯಿಸಿ. ಚಕ್ರದ ಒಳಗಡೆ ಆಕ್ಸಲ್ ಮೇಲಿರುವ ರಬ್ಬರ್ ಬೂಟ್ ಹರಿದಿದೆಯಾ ಅಂತ ತಿಂಗಳಿಗೊಮ್ಮೆ ಕೈಯಿಂದ ಮುಟ್ಟಿ ನೋಡಿ. ಬೂಟ್ ಮಾತ್ರ ಹರಿದಿದ್ದರೆ ಅಗ್ಗದಲ್ಲೇ ಬದಲಾಯಿಸಬಹುದು. ಗ್ರೀಸ್ ಹೊರಟು ಮಣ್ಣು ಒಳಗೆ ಸೇರಿ, ತಿರುವಿನಲ್ಲಿ ಕಟ ಕಟ ಅನ್ನತೊಡಗಿದರೆ ಇಡೀ ಜಾಯಿಂಟ್ ಹೋಗುತ್ತದೆ.

ಟೈರ್ ಗಾಳಿ ಪಂಕ್ಚರ್ ಅಂಗಡಿಯಲ್ಲಿ ಕಣ್ಣಂದಾಜಿಗೆ ಹಾಕಿಸಬೇಡಿ. ಎಟಿವಿ ಟೈರಿಗೆ ಬೇಕಾದ್ದು ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ಅಷ್ಟೇ, ನಿಮ್ಮ ಗಾಡಿಯ ಸ್ಟಿಕ್ಕರ್ ನೋಡಿ. ಬೈಕಿನ ಲೆಕ್ಕದಲ್ಲಿ 30 ಹಾಕಿದರೆ ಕಲ್ಲು ಸಿಕ್ಕಲ್ಲೆಲ್ಲ ಪುಟಿಯುತ್ತದೆ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಪಕ್ಕದಲ್ಲಿ ಪುಟಿದರೆ ಗಾಡಿ ಮಗುಚುತ್ತದೆ. ಕಡಿಮೆ ಒತ್ತಡ ತೋರಿಸುವ ಗೇಜ್ ಬೇರೆಯೇ ಸಿಗುತ್ತದೆ. ಸೈಕಲ್ ಪಂಪ್ ಸಾಕು.

ಹೊರೆಯ ಬಗ್ಗೆ ಒತ್ತಿ ಹೇಳುತ್ತೇನೆ. ಕ್ಯಾರಿಯರ್ ಮೇಲಿನ ತೂಕದ ಮಿತಿ ಸ್ಟಿಕ್ಕರಿನಲ್ಲಿ ಇರುತ್ತದೆ. ಹಿಂದೆ ಎರಡು 50 ಕೆಜಿ ಚೀಲ ಇಟ್ಟು ಏರು ಹತ್ತಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ನೂರು ಲೀಟರ್ ಡ್ರಮ್ಮಿನಲ್ಲಿ ಅರ್ಧ ನೀರಿದ್ದರೆ ಅದು ಅತ್ತಿತ್ತ ಹೊಯ್ದಾಡಿ ಗಾಡಿಯನ್ನೇ ಎಳೆಯುತ್ತದೆ. ಚಿಕ್ಕ ಟ್ರೇಲರ್ ಕಟ್ಟಿಕೊಳ್ಳುವುದು ಮೇಲು. ಇಳಿಜಾರಿಗೆ ಅಡ್ಡಡ್ಡ ಓಡಿಸಬೇಡಿ, ಒಬ್ಬರ ಸೀಟಿನ ಗಾಡಿಯಲ್ಲಿ ಹಿಂದೆ ಆಳು ಕೂರಿಸಬೇಡಿ. ತೋಟ ರಸ್ತೆಯ ಎರಡು ಬದಿಗೆ ಇದ್ದರೆ ಇನ್ನೊಂದು ಮಾತು. ರಿಜಿಸ್ಟ್ರೇಷನ್ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸಲು 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಬಿಡುವುದಿಲ್ಲ. ಆನೆ ಬರುವ ಜಾಗದಲ್ಲಿ ಬ್ಯಾಟರಿ ಅನುಮಾನ ಇರುವ ಗಾಡಿ ತಗೊಂಡು ಸಂಜೆ ಹೊತ್ತು ದೂರ ಹೋಗಲೇಬೇಡಿ.

ಮುಂದಿನ ಮಳೆಗೆ ಮೊದಲು ಮೇ ಕೊನೆಯಲ್ಲಿ ಟ್ಯಾಂಕ್ ಮತ್ತು ಬೌಲ್ ಎರಡೂ ಖಾಲಿ ಮಾಡಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟು ತಿಂಗಳಿಗೊಮ್ಮೆ ಚಿಕ್ಕ ಚಾರ್ಜರ್‌ನಲ್ಲಿ ಚಾರ್ಜ್ ಮಾಡಿ. ಟಾರ್ಪಾಲ್ ಬಿಗಿಯಾಗಿ ಸುತ್ತಬೇಡಿ, ಒಳಗೆ ತೇವ ನಿಲ್ಲುತ್ತದೆ. ಇಷ್ಟೆಲ್ಲ ಬೇಡ ಅನ್ನುವುದಾದರೆ ವಾರಕ್ಕೊಮ್ಮೆ ಬಿಸಿಯಾಗುವಷ್ಟು ಓಡಿಸಿ, ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿ ಇನ್ನೂ ಇಳಿಯುತ್ತದೆ. ಆಯುಧ ಪೂಜಿಸುವ ಕೊಡಗಿನ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ, ಕತ್ತಿ ತೊಳೆದು ಇಡುವಾಗಲೇ ಗಾಡಿಯನ್ನೂ ಹೊರಗೆ ತಂದು ನೋಡಿಬಿಡಿ. ಕೊಯ್ಲು ಶುರುವಾಗುವುದಕ್ಕೆ ಆಗ ಸಾಕಷ್ಟು ಸಮಯ ಇರುತ್ತದೆ, ಬೆಲ್ಟ್ ತರಿಸಬೇಕಾದರೂ ತೊಂದರೆ ಇಲ್ಲ.

ಬಾಟಲಿಯಲ್ಲಿ ಏನು ಕಂಡಿತು, ಬೆಲ್ಟ್ ಡಬ್ಬದಿಂದ ಎಷ್ಟು ನೀರು ಬಂತು, ಇವೆರಡನ್ನು ಇಲ್ಲೇ ಬರೆಯಿರಿ. ಗಾಡಿಯ ಮಾಡೆಲ್ ಮತ್ತು ಹಳೇ ಬೆಲ್ಟಿನ ಮೇಲಿರುವ ನಂಬರ್ ಕೂಡ ಹಾಕಿದರೆ ಹೊಸದನ್ನು ಎಲ್ಲಿ ವಿಚಾರಿಸಬಹುದು ಅಂತ ಹೇಳುತ್ತೇನೆ.