ಬಳಕೆದಾರರು ಹೇಳಿದ ಯಾವ ಫಂಕ್ಷನ್ ಅನ್ನಾದರೂ ನನ್ನ ಸ್ಮಾರ್ಟ್ ಕಾಂಟ್ರಾಕ್ಟ್ ಕರೆಯಬಹುದೇ?

ಕರೆಯಬೇಕಾದ ಕಾಂಟ್ರಾಕ್ಟ್‌ನ ವಿಳಾಸವನ್ನೂ ಡೇಟಾವನ್ನೂ ಬಳಕೆದಾರರೇ ಕೊಡಲಿ, ಕರೆ ಮಾತ್ರ ನನ್ನ ಕಾಂಟ್ರಾಕ್ಟ್‌ನಿಂದ ಹೋಗಲಿ ಎಂದಿದ್ದೀರಿ. ಸಾಧ್ಯವಿದೆ. ಸ್ಮಾರ್ಟ್ ಕಾಂಟ್ರಾಕ್ಟ್‌ಗಳನ್ನು, ಅಂದರೆ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂಗಳನ್ನು, ಬರೆಯುವ ಭಾಷೆಯಾದ ಸಾಲಿಡಿಟಿಯಲ್ಲಿ ವಿಳಾಸದ ಮೇಲೆ ‘ಕಾಲ್’ ಬಳಸಿದರೆ ಒಂದೇ ಸಾಲಿನ ಕೆಲಸ. ಯಾವ ಫಂಕ್ಷನ್ ಎಂದು ಹೇಳುವುದು ಡೇಟಾದ ಆರಂಭದಲ್ಲಿರುವ ಸೆಲೆಕ್ಟರ್: ಫಂಕ್ಷನ್‌ನ ಹೆಸರು ಮತ್ತು ಪ್ಯಾರಾಮೀಟರ್ ವಿಧಗಳನ್ನು ಸೇರಿಸಿ ತೆಗೆದ ಕೆಚಾಕ್-256 ಹ್ಯಾಶ್‌ನ (ಪಠ್ಯದಿಂದ ಲೆಕ್ಕ ಹಾಕಿದ ನಿಗದಿತ ಉದ್ದದ ಗುರುತಿನ) ಮೊದಲ 4 ಬೈಟ್‌ಗಳು. ಅದರ ಬೆನ್ನಿಗೆ ಆರ್ಗ್ಯುಮೆಂಟ್‌ಗಳು.

ಆದರೆ ದಯವಿಟ್ಟು ಆ ಸಾಲನ್ನು ಈಗಲೇ ಬರೆಯಬೇಡಿ. ಕರೆ ತಲುಪಿದ ಕಡೆ ‘ಎಂಎಸ್‌ಜಿ.ಸೆಂಡರ್’ (ಕರೆ ಮಾಡಿದವರು) ಆಗಿ ಕಾಣುವುದು ಬಳಕೆದಾರನಲ್ಲ, ನಿಮ್ಮ ಕಾಂಟ್ರಾಕ್ಟ್. ಅದಕ್ಕೆ ಎಲ್ಲೆಲ್ಲಿ ಏನೇನು ಹಕ್ಕಿದೆಯೋ ಅಷ್ಟೂ ಯಾರ ಕೈಗಾದರೂ ಸಿಗುತ್ತದೆ. ಜನ ತಮ್ಮ ಟೋಕನ್‌ಗಳ ಅಪ್ರೂವಲ್ (ತಮ್ಮ ಪರವಾಗಿ ವರ್ಗಾಯಿಸುವ ಅನುಮತಿ) ಅನ್ನು ನಿಮ್ಮ ಕಾಂಟ್ರಾಕ್ಟ್‌ಗೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಒಬ್ಬನು ಆ ಟೋಕನ್‌ನ ವಿಳಾಸವನ್ನೇ ಗುರಿಯಾಗಿಸಿ ‘ಟ್ರಾನ್ಸ್‌ಫರ್‌ಫ್ರಮ್’ (ಇನ್ನೊಬ್ಬರ ಟೋಕನ್ ವರ್ಗಾಯಿಸುವ ಫಂಕ್ಷನ್) ಡೇಟಾ ಕಳುಹಿಸಿದರೆ ಆ ಜನ ಅನುಮತಿಸಿದಷ್ಟು ಹಣವೆಲ್ಲ ಹೋಯಿತು. ಟೋಕನ್‌ನ ಲೆಕ್ಕದಲ್ಲಿ ಅದು ಕ್ರಮಬದ್ಧ ವರ್ಗಾವಣೆಯೇ.

ಫಂಕ್ಷನ್‌ನ ಹೆಸರನ್ನಷ್ಟೇ ಬಳಕೆದಾರರಿಗೆ ಬಿಟ್ಟು, ಪ್ಯಾರಾಮೀಟರ್ ವಿಧಗಳನ್ನು ಬಿಗಿ ಮಾಡಿದರೂ ಸಾಲದು. 2021ರ ಆಗಸ್ಟ್‌ನಲ್ಲಿ, ಬ್ಲಾಕ್‌ಚೈನ್‌ಗಳ ನಡುವೆ ಟೋಕನ್ ಸಾಗಿಸುವ ಪಾಲಿ ನೆಟ್‌ವರ್ಕ್‌ನಲ್ಲಿ ಆದದ್ದು ಇದೇ. ಸೆಲೆಕ್ಟರ್ 4 ಬೈಟ್ ಮಾತ್ರ. ವರ್ಗಾವಣೆಗಳನ್ನು ಒಪ್ಪುವವರ ಸಾರ್ವಜನಿಕ ಕೀಲಿಗಳನ್ನು ಬದಲಿಸುವ ಫಂಕ್ಷನ್ ಒಂದಿತ್ತು; ದಾಳಿಕೋರನು ಅದರ ಸೆಲೆಕ್ಟರ್‌ಗೆ ತಾಳೆಯಾಗುವ ಬೇರೊಂದು ಹೆಸರನ್ನು ಹುಡುಕಿ, ಆ ಫಂಕ್ಷನ್ ಅನ್ನೇ ಕರೆಸಿದನು. ಆ ಫಂಕ್ಷನ್ ಮಾಲೀಕನಿಗಷ್ಟೇ ಮೀಸಲಾಗಿತ್ತು, ಮಾಲೀಕನಾಗಿದ್ದದ್ದು ಕರೆ ಮಾಡಿದ ಕಾಂಟ್ರಾಕ್ಟೇ! 60 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯ ಹೊರಹೋಯಿತು; ಬಹುಪಾಲು ಹಿಂದಿರುಗಿದ್ದು ಅಪರೂಪದ ಅದೃಷ್ಟ.

ನಾನು ಹೀಗೆ ಮಾಡುತ್ತೇನೆ: ಹೊರಗಿನ ಕರೆಗಳಿಗೆಂದೇ ಇನ್ನೊಂದು ಪುಟ್ಟ ಕಾಂಟ್ರಾಕ್ಟ್. ಅದರಲ್ಲಿ ಟೋಕನ್ ಉಳಿಯುವುದಿಲ್ಲ, ಅದಕ್ಕೆ ಯಾರೂ ಅಪ್ರೂವಲ್ ಕೊಡುವುದಿಲ್ಲ, ಅದು ಯಾವುದರ ಮಾಲೀಕನೂ ಅಲ್ಲ. ಕದಿಯಲು ಬಂದವನಿಗೆ ಅಲ್ಲಿ ಸಿಗುವುದು ಬರಿಗೈ. ಬೇಕಾದ ಕರೆಗಳು ಮೊದಲೇ ಗೊತ್ತಿದ್ದರೆ ವಿಳಾಸ ಮತ್ತು ಸೆಲೆಕ್ಟರ್ ಜೋಡಿಗಳ ಅನುಮತಿ ಪಟ್ಟಿ ಇನ್ನೂ ಒಳ್ಳೆಯದು.

ಕರೆ ಯಶಸ್ವಿಯಾಯಿತೇ ಎಂದು ‘ಕಾಲ್’ ಹಿಂದಿರುಗಿಸುವ ಬೂಲಿಯನ್ (‘ಟ್ರೂ’ ಅಥವಾ ‘ಫಾಲ್ಸ್’) ಅನ್ನು ಪರೀಕ್ಷಿಸಿ. ಕೋಡ್ ಇಲ್ಲದ ವಿಳಾಸಕ್ಕೆ ಕರೆ ಹೋದರೂ ‘ಟ್ರೂ’ ಬರುತ್ತದೆ, ಹಾಗಾಗಿ ಕೋಡ್ ಇದೆಯೇ ಎಂದೂ ನೋಡಿ. ನಿಮ್ಮ ಲೆಕ್ಕಗಳನ್ನು ಕರೆಗೆ ಮೊದಲೇ ಬರೆದು ಮುಗಿಸಿ, ಏಕೆಂದರೆ ಕರೆಯ ನಡುವೆಯೇ ಆ ಹೊರಗಿನ ಕೋಡ್ ನಿಮ್ಮ ಕಾಂಟ್ರಾಕ್ಟ್ ಅನ್ನು ಮರಳಿ ಕರೆಯಬಹುದು. ‘ಡೆಲಿಗೇಟ್‌ಕಾಲ್’ ಮಾತ್ರ ಖಂಡಿತ ಬೇಡ; ಅಲ್ಲಿ ಅಪರಿಚಿತನ ಕೋಡ್ ನಿಮ್ಮದೇ ಸ್ಟೋರೇಜ್ (ಕಾಂಟ್ರಾಕ್ಟ್ ಉಳಿಸಿಟ್ಟ ಡೇಟಾ) ಮೇಲೆ ಬರೆಯುತ್ತದೆ.

ನಿಮ್ಮ ಕಾಂಟ್ರಾಕ್ಟ್ ಟೋಕನ್‌ಗಳನ್ನು ಇಟ್ಟುಕೊಳ್ಳುತ್ತದೆಯೇ? ತಿಳಿಸಿದರೆ ಅದನ್ನು ಎರಡು ಕಾಂಟ್ರಾಕ್ಟ್‌ಗಳಾಗಿ ಹೇಗೆ ವಿಂಗಡಿಸಬಹುದೆಂದು ಬರೆಯುತ್ತೇನೆ.