ನೀರಂಚಿನ ಫೋಟೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೆರೆ, ಜಲಾಶಯ, ಕಡಲ ದಡದ ಫೋಟೊಗಳದ್ದು. ಹೊಸ ಲೆನ್ಸ್ ಕೊಳ್ಳಬೇಕೇ ಎಂದು ಹಲವರು ಕೇಳಿದ್ದಾರೆ. ಸದ್ಯಕ್ಕೆ ಬೇಡ. ಇಲ್ಲಿರುವ ತೊಂದರೆಗಳಲ್ಲಿ ಬಹುಪಾಲು ನಿಂತ ಜಾಗ ಮತ್ತು ನಿಂತ ಹೊತ್ತಿನಿಂದ ಬಂದವು.

ಕುಂದುವಾಡ ಕೆರೆಯ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಹೋದಾಗ ಮೊಬೈಲ್‌ನಲ್ಲಿ ಸೂರ್ಯೋದಯ ತೆಗೆಯುತ್ತೇನೆ. ಆಕಾಶ ಬೆಳ್ಳಗೆ ಸುಟ್ಟಂತಾಗುತ್ತದೆ, ಸೂರ್ಯ ಬಿಳಿ ಕಲೆಯಾಗುತ್ತಾನೆ. ಏಕೆ?
— ದಾವಣಗೆರೆಯ ಓದುಗರು

ಮೊಬೈಲ್ ಇಡೀ ಚೌಕಟ್ಟಿನ ಸರಾಸರಿ ಬೆಳಕು ಅಳೆಯುತ್ತದೆ. ಕೆಳಗಿನ ಅರ್ಧ ಕಪ್ಪು ದಂಡೆಯಾಗಿದ್ದರೆ ಅದನ್ನು ಬೆಳಗಿಸಲು ಹೋಗಿ ಆಕಾಶವನ್ನು ಸುಡುತ್ತದೆ. ಸೂರ್ಯನ ಮೇಲಲ್ಲ, ಅವನ ಪಕ್ಕದ ಕೇಸರಿ ಆಕಾಶದ ಮೇಲೆ ಬೆರಳನ್ನು ಎರಡು ಸೆಕೆಂಡ್ ಒತ್ತಿ ಹಿಡಿಯಿರಿ. ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ. ಆಮೇಲೆ ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಅಂಕಿ ತೋರಿಸುವ ಫೋನಾದರೆ ಮೈನಸ್ 0.7ರಿಂದ ಮೈನಸ್ 1 ಸಾಕು. ದಂಡೆ ಕಪ್ಪಾಗಲಿ, ಮರದ ಆಕಾರ ಚೆನ್ನಾಗಿ ಕಾಣುತ್ತದೆ.

ಹೊತ್ತಿನ ವಿಷಯ ಇದಕ್ಕಿಂತ ದೊಡ್ಡದು. ನಮ್ಮ ಕಡೆ ಸೂರ್ಯೋದಯ ಮೇ ಕೊನೆಯಲ್ಲಿ 6 ಗಂಟೆಗೆ ಸ್ವಲ್ಪ ಮುಂಚೆ, ಜನವರಿ ಕೊನೆಯಲ್ಲಿ 6.50ರ ಆಸುಪಾಸು. ಬಣ್ಣ ತುಂಬಿರುವುದು ಅದಕ್ಕೂ 20-25 ನಿಮಿಷ ಮೊದಲು. ಸೂರ್ಯ ಒಂದು ಗೇಣು ಮೇಲೇರಿದ ಮೇಲೆ ಯಾವ ಸೆಟ್ಟಿಂಗೂ ಆ ಬಣ್ಣ ತರುವುದಿಲ್ಲ. ಹುಟ್ಟುವ ಜಾಗವೂ ವರ್ಷವಿಡೀ ಒಂದೇ ಅಲ್ಲ: ಜೂನ್‌ನಲ್ಲಿ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ತೋಳು ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಅಂದರೆ ಎರಡೂವರೆ ಮುಷ್ಟಿ ಆ ಕಡೆ, ಎರಡೂವರೆ ಈ ಕಡೆ. ಬೇಕಾದ ಮರದ ಹಿಂದೆ ಸೂರ್ಯ ಬರುವ ತಿಂಗಳನ್ನು ಹೀಗೆ ಮೊದಲೇ ಲೆಕ್ಕ ಹಾಕಬಹುದು.

ಇನ್ನೊಂದು ಮಾತು. ಜೇಬಿನಿಂದ ತೆಗೆದ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಸೂರ್ಯನಿಂದ ಓರೆಯಾಗಿ ಒಂದು ಉದ್ದ ಗೆರೆ ಹೊರಟಿದ್ದರೆ ಅದು ಜಿಡ್ಡಿನದು. ಹತ್ತಿ ಬಟ್ಟೆಯಿಂದ ಒರೆಸಿ.

ಸೂಳೆಕೆರೆಯ ಫೋಟೊಗಳಲ್ಲಿ ನೀರು ಒಂದು ಕಡೆಗೆ ಹರಿದುಹೋಗುವಂತೆ ಕಾಣುತ್ತದೆ. ಕ್ಯಾಮೆರಾದ ಲೆವೆಲ್ ಗೆರೆ ಸರಿಯಾಗಿಯೇ ಇತ್ತು.
— ಚನ್ನಗಿರಿ ತಾಲ್ಲೂಕಿನ ಓದುಗರು

ಲೆವೆಲ್ ತಪ್ಪಿಲ್ಲ. ನೀವು ಆಚೆ ದಂಡೆಯನ್ನು ಕ್ಷಿತಿಜ ಅಂದುಕೊಂಡಿದ್ದೀರಿ. ಕಡಲಲ್ಲಿ ನೀರು ಮುಗಿಯುವ ಗೆರೆ ಕ್ಷಿತಿಜವೇ. ಕೆರೆಯಲ್ಲಿ ಹಾಗಲ್ಲ, ದಂಡೆಯ ಒಂದು ತುದಿ ಹತ್ತಿರ, ಇನ್ನೊಂದು ದೂರ ಇರುತ್ತದೆ. ಹತ್ತಿರದ ತುದಿ ಚೌಕಟ್ಟಿನಲ್ಲಿ ಕೆಳಗೆ, ದೂರದ್ದು ಮೇಲೆ ಬರುತ್ತದೆ, ಗೆರೆ ಓರೆಯಾಗುತ್ತದೆ. ಅದನ್ನು ನೆಟ್ಟಗೆ ಮಾಡಲು ಫೋಟೊ ತಿರುಗಿಸಿದರೆ ಮರಗಳು ವಾಲುತ್ತವೆ.

ನಂಬಬೇಕಾದದ್ದು ಪ್ರತಿಬಿಂಬವನ್ನು. ನಿಂತ ಕಂಬದ ತುದಿ ಮತ್ತು ನೀರಿನಲ್ಲಿ ಅದೇ ತುದಿಯ ಬಿಂಬ ಒಂದೇ ಲಂಬ ಗೆರೆಯಲ್ಲಿ ಬರಬೇಕು. ಚೌಕಟ್ಟಿನ ನಡುವೆ ಇರುವ ಮರವನ್ನೋ ಕಂಬವನ್ನೋ ಆರಿಸಿ, ಗ್ರಿಡ್ ಗೆರೆಗೆ ಹೊಂದಿಸಿ. ಅಂಚಿನ ಮರ ಬೇಡ, ವೈಡ್ ಲೆನ್ಸ್ ಅದನ್ನು ಬಾಗಿಸಿರುತ್ತದೆ. ಓರೆ ಕಡಿಮೆ ಕಾಣಬೇಕೆಂದರೆ ಏರಿಯಿಂದ ಇಳಿದು ನೀರಿನ ಮಟ್ಟಕ್ಕೆ ಬನ್ನಿ.

ಗುಡ್ಡದ ಮೇಲಿನ ಗಾಳಿಯಂತ್ರಗಳು ಊರ ಮುಂದಿನ ಕೆರೆಯಲ್ಲಿ ಪೂರ್ತಿ ಪ್ರತಿಫಲಿಸುವ ಫೋಟೊ ಬೇಕು. ಗುಡ್ಡ ಅರ್ಧವೇ ಬರುತ್ತದೆ, ಅದೂ ಮಸುಕು. ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ಇನ್ನೂ ಕೆಟ್ಟಿತು.
— ಚಿತ್ರದುರ್ಗದ ಓದುಗರು

ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು.

ಗುಡ್ಡ ಅರ್ಧವಾಗುವುದು ನೀವು ನಿಂತ ಎತ್ತರದಿಂದ. ನೀರು ತೋರಿಸುವುದು ನಿಮಗೆ ಕಾಣುವ ಗುಡ್ಡವನ್ನಲ್ಲ. ಕ್ಯಾಮೆರಾ ನೀರಿನ ಮೇಲೆ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಕೆಳಗಿನಿಂದ ನೋಡಿದರೆ ಕಾಣುವ ಗುಡ್ಡವನ್ನು. 5 ಮೀಟರ್ ಎತ್ತರದ ಏರಿಯ ಮೇಲೆ ನಿಂತರೆ ಬಿಂಬದಲ್ಲಿರುವುದು 5 ಮೀಟರ್ ಕೆಳಗಿನ ನೋಟ. ಅಲ್ಲಿಂದ ಆಚೆ ದಂಡೆಯ ಜಾಲಿ ಗಿಡಗಳೇ ಗುಡ್ಡದ ಬುಡವನ್ನು ಮುಚ್ಚುತ್ತವೆ. ಕ್ಯಾಮೆರಾವನ್ನು ನೀರಿನಿಂದ ಒಂದೇ ಗೇಣು ಎತ್ತರಕ್ಕೆ ಇಳಿಸಿ, ಮೇಲಿನ ಗುಡ್ಡಕ್ಕೂ ಕೆಳಗಿನದಕ್ಕೂ ವ್ಯತ್ಯಾಸ ಇರುವುದಿಲ್ಲ. ಮೊಬೈಲ್ ಆದರೆ ತಲೆಕೆಳಗಾಗಿ ಹಿಡಿಯಿರಿ, ಲೆನ್ಸ್ ನೀರಿಗೆ ಹತ್ತಿರವಾಗುತ್ತದೆ.

ಮಸುಕಿನ ಕಾರಣವೂ ಅದೇ ಎತ್ತರ. ನೇರ ಕೆಳಗೆ ನೋಡಿದರೆ ನೀರು ನೂರಕ್ಕೆ 2 ಪಾಲು ಬೆಳಕನ್ನಷ್ಟೇ ಹಿಂದೆ ಕಳಿಸುತ್ತದೆ, ಉಳಿದಂತೆ ಕಾಣುವುದು ಕೆಸರಿನ ಬಣ್ಣ. ನೀರಿನ ಮೈಗೆ 10 ಡಿಗ್ರಿ ಓರೆಯಲ್ಲಿ ನೋಡಿದರೆ ನೂರಕ್ಕೆ ಸುಮಾರು 35 ಪಾಲು ಮರಳುತ್ತದೆ. ಆದರೂ ಬಿಂಬ ನಿಜವಾದ ಗುಡ್ಡಕ್ಕಿಂತ ಒಂದು ಸ್ಟಾಪ್‌ನಷ್ಟಾದರೂ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಕಪ್ಪಾಗಿರುತ್ತದೆ. ಎಡಿಟ್ ಮಾಡುವಾಗ ಅದನ್ನು ಗುಡ್ಡಕ್ಕಿಂತ ಬೆಳ್ಳಗೆ ಮಾಡಬೇಡಿ, ನೋಡಿದವರಿಗೆ ಸುಳ್ಳೆಂದು ತಕ್ಷಣ ತಿಳಿಯುತ್ತದೆ.

ಪೋಲರೈಸರ್‌ನ ಕೆಲಸವೇ ನೀರಿನ ಹೊಳಪು ಕಳೆಯುವುದು. ನೀರಿನ ಮೈಯಿಂದ ಸುಮಾರು 37 ಡಿಗ್ರಿಯಲ್ಲಿ ಅದರ ಹಿಡಿತ ಅತಿ ಹೆಚ್ಚು. ತಳದ ಕಲ್ಲು, ತಾವರೆ ಎಲೆಯ ಹಸಿರು ತೋರಿಸಲು ಅದು ಬೇಕು. ಪ್ರತಿಬಿಂಬಕ್ಕೆ ಬಿಚ್ಚಿಡಿ.

ಉಳಿದದ್ದು ಗಾಳಿ. ಯಂತ್ರ ತಿರುಗಬೇಕು, ನೀರು ಅಲುಗಬಾರದು. ಆಗದ ಮಾತೇನಲ್ಲ, ಯಂತ್ರ ಗುಡ್ಡದ ನೆತ್ತಿಯಲ್ಲಿದೆ, ಕೆರೆ ತಗ್ಗಿನಲ್ಲಿದೆ. ಅಲೆ ಏಳಲು ನೀರಿನ ಮೇಲೆ ಗಾಳಿಗೆ ಓಡುವ ಜಾಗ ಬೇಕು. ಹಾಗಾಗಿ ಗಾಳಿ ಬೆನ್ನಿಗೆ ಬೀಸುವ ದಂಡೆಯಲ್ಲಿ ನಿಂತರೆ ನಿಮ್ಮ ಮುಂದಿನ ನೀರು ಶಾಂತವಾಗಿರುತ್ತದೆ. ಒಂದು ಚಿಟಿಕೆ ಒಣ ಮಣ್ಣು ಉದುರಿಸಿ ದಿಕ್ಕು ನೋಡಿಕೊಳ್ಳಿ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ, ಆಗ ಪಶ್ಚಿಮ ದಂಡೆಯಲ್ಲಿ ನಿಂತು ಪೂರ್ವಕ್ಕೆ ನೋಡುವ ಬೆಳಗಿನ ಫೋಟೊ ಸುಲಭ. ಚಳಿಗಾಲದ ಮುಂಜಾವು ಎಲ್ಲ ದಂಡೆಗೂ ಒಳ್ಳೆಯದು, ಬಿಸಿಲೇರಿದಂತೆ ಗಾಳಿ ಶುರುವಾಗುತ್ತದೆ.

ಶಟರ್ 1/30 ಸೆಕೆಂಡಿನ ಸುತ್ತ ಇರಲಿ, ರೆಕ್ಕೆಯ ತುದಿ ಸ್ವಲ್ಪ ಮಸುಕಾಗಿ ತಿರುಗುವುದು ಗೊತ್ತಾಗುತ್ತದೆ. 1/500ರಲ್ಲಿ ಯಂತ್ರ ಕೆಟ್ಟು ನಿಂತಂತಿರುತ್ತದೆ. 4-8 ಸೆಕೆಂಡ್ ತೆರೆದಿಟ್ಟರೆ ಸಣ್ಣ ಅಲೆಗಳು ಸವೆದು ನೀರು ನಯವಾಗುತ್ತದೆ, ಆದರೆ ರೆಕ್ಕೆಗಳು ಮಾಯವಾಗುತ್ತವೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು, ನಮ್ಮ ಆಯ್ಕೆ ರೆಕ್ಕೆ.

ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೀರನ್ನು ಹಾಲಿನಂತೆ ತೆಗೆಯಬೇಕು. 6 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಸಾಕೇ, 10 ಬೇಕೇ?
— ಹಿರಿಯೂರಿನ ಓದುಗರು

6 ಸಾಕು. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ಇಂಥ ದಿನ ಬಂದಾಗ ಫಿಲ್ಟರ್ ಪ್ರಯೋಗಕ್ಕೆ ಹೊತ್ತಿರುವುದಿಲ್ಲ, ಲೆಕ್ಕ ಮೊದಲೇ ಬಾಯಿಪಾಠವಿರಲಿ. ಬೆಳಿಗ್ಗೆ ಐಎಸ್‌ಒ (ಬೆಳಕಿನ ಸಂವೇದನೆ) 100, ಎಫ್ (ಲೆನ್ಸ್ ಕಿಂಡಿಯ ಅಳತೆ) 11ರಲ್ಲಿ ಶಟರ್ 1/125 ಬಂತು ಅನ್ನಿ. 6 ಸ್ಟಾಪ್ ಅಂದರೆ 64 ಪಟ್ಟು: ಸುಮಾರು ಅರ್ಧ ಸೆಕೆಂಡ್. 10 ಸ್ಟಾಪ್ ಅಂದರೆ ಸುಮಾರು 1000 ಪಟ್ಟು: 8 ಸೆಕೆಂಡ್. ಅರ್ಧ ಸೆಕೆಂಡಿನಲ್ಲಿ ನೀರಿನ ಎಳೆ ಎಳೆ ಉಳಿಯುತ್ತದೆ. 8 ಸೆಕೆಂಡಿನಲ್ಲಿ ಹತ್ತಿ ಹರವಿದಂತಾಗುತ್ತದೆ, ಧುಮ್ಮಿಕ್ಕುವ ರಭಸವೇ ಇರುವುದಿಲ್ಲ.

ಫಿಲ್ಟರ್ ಹಾಕುವ ಮೊದಲೇ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ತಿರುಗಿಸಿ. ಕತ್ತಲ ಗಾಜಿನ ಹಿಂದೆ ಆಟೊ ಫೋಕಸ್ ತಡಕಾಡುತ್ತದೆ. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಆಫ್ ಇರಲಿ, 2 ಸೆಕೆಂಡ್ ಟೈಮರ್ ಬಳಸಿ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಡುವ ಕಿಂಡಿಯನ್ನು ಕರ್ಚೀಫಿನಿಂದ ಮುಚ್ಚಿ, ಹಿಂದಿನಿಂದ ಬೆಳಕು ನುಗ್ಗಿ ಫೋಟೊ ಪೇಲವವಾಗುತ್ತದೆ. ತಿರುಗಿಸಿ ಕಪ್ಪು ಹೆಚ್ಚು ಕಡಿಮೆ ಮಾಡುವ ಎನ್‌ಡಿ ಅಗ್ಗಕ್ಕೆ ಸಿಗುತ್ತದೆ, ಆದರೆ 18 ಎಂಎಂನಂಥ ವೈಡ್‌ನಲ್ಲಿ ಕೊನೆಯವರೆಗೆ ತಿರುಗಿಸಿದರೆ ನಡುವೆ ಕಪ್ಪು ಗುಣಾಕಾರ ಚಿಹ್ನೆ ಮೂಡುತ್ತದೆ. ನೊರೆಯ ಬಿಳಿ ಸುಡದಂತೆ ಮೂರನೇ ಎರಡು ಸ್ಟಾಪ್ ಕಡಿಮೆ ಇಡಿ. ಪಾಚಿ ಕಟ್ಟಿದ ಬಂಡೆಯ ಮೇಲೆ ಮಾತ್ರ ಟ್ರೈಪಾಡ್ ಇಡಬೇಡಿ, ನೀವೂ ಹತ್ತಬೇಡಿ.

ಮುರುಡೇಶ್ವರ, ಮರವಂತೆಗೆ ಎರಡು ದಿನದ ಪ್ರವಾಸ ಹೊರಟಿದ್ದೇವೆ. ಕಡಲ ಹತ್ತಿರ ಕ್ಯಾಮೆರಾಕ್ಕೆ ಏನು ಎಚ್ಚರಿಕೆ? ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕು?
— ಹರಿಹರದ ಓದುಗರು

ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದೆ, ಕಡಲ ಮೇಲೆ ಸಿಗುವುದು ಸೂರ್ಯಾಸ್ತ ಮಾತ್ರ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಬೆಳಿಗ್ಗೆ ನದಿಯ ಬದಿಗೆ, ಸಂಜೆ ಕಡಲ ಬದಿಗೆ ನಿಲ್ಲಿ. ಸೂರ್ಯ ಮುಳುಗಿದ ಕೂಡಲೇ ಬ್ಯಾಗ್ ಮುಚ್ಚಬೇಡಿ, ಮುಂದಿನ 20 ನಿಮಿಷ ಒದ್ದೆ ಮರಳು ಕನ್ನಡಿಯಾಗಿರುತ್ತದೆ. ಆ ಕನ್ನಡಿ ಅಗಲವಾಗಿ ಸಿಗುವುದು ಇಳಿತದಲ್ಲಿ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಹೆಚ್ಚು.

ಅಲೆ ಹಿಂದೆ ಸರಿಯುವಾಗ ಟ್ರೈಪಾಡ್ ಕಾಲಿನ ಕೆಳಗಿನ ಮರಳೂ ಜಾರುತ್ತದೆ. ಕಾಲುಗಳನ್ನು ಮೊದಲೇ ಒತ್ತಿ ಹೂಳಿ, ಎರಡು ಮೂರು ಅಲೆ ಹೋದ ಮೇಲೆ ಕ್ಲಿಕ್ ಮಾಡಿ. ಕೀಲುಗಳು ಮರಳಿಗೆ ತಾಗದಂತೆ ಕೊನೆಯ ಹಂತವನ್ನು ಉದ್ದ ಬಿಡಿ. ರಾತ್ರಿ ರೂಮಿನಲ್ಲಿ ಸಿಹಿನೀರಿನಿಂದ ತೊಳೆಯಿರಿ.

ಲೆನ್ಸ್ ಮೇಲೆ ಉಪ್ಪಿನ ಹನಿ ಒಣಗಿದರೆ ಒಣ ಬಟ್ಟೆಯಿಂದ ಉಜ್ಜಲೇಬೇಡಿ, ಹರಳು ಗಾಜಿನ ಲೇಪವನ್ನು ಗೀರುತ್ತದೆ. ಮೊದಲು ಬ್ಲೋವರ್‌ನಿಂದ ಊದಿ ಮರಳು ಕಳೆಯಿರಿ, ಆಮೇಲೆ ಕುಡಿಯುವ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಪ್ಪು ಕರಗಿಸಿ, ಕೊನೆಗೆ ಒಣ ಬಟ್ಟೆ. ಎಸಿ ರೂಮಿನಿಂದ ನೇರ ದಡಕ್ಕೆ ಬಂದರೆ ಲೆನ್ಸ್ ಮಂಜಾಗುತ್ತದೆ. ಬ್ಯಾಗ್ ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿಡಿ.

ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸ್ ಒಳಗೆ ಜೇಡರ ಬಲೆಯಂಥ ಎಳೆಗಳು ಬಂದಿವೆ. ಒರೆಸಬಹುದೇ?
— ಹೊಳಲ್ಕೆರೆಯ ಓದುಗರು

ಒಳಗಿನ ಬೂಷ್ಟು ಅದು, ಹೊರಗಿನಿಂದ ಹೋಗುವುದಿಲ್ಲ, ಬಿಚ್ಚಿ ತೊಳೆಸಬೇಕು. ಬೇಗ ಕೊಡಿ, ತಡವಾದರೆ ಲೇಪವನ್ನೇ ತಿಂದು ಕಲೆ ಬಿಡುತ್ತದೆ. ಉಳಿದ ಲೆನ್ಸ್‌ಗಳನ್ನು ಚರ್ಮದ ಕೇಸಿನಿಂದ ತೆಗೆದು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗೆ ಸಣ್ಣ ತೇವಮಾಪಕ ಇಟ್ಟು ತೇವ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಜೆಲ್ ಕಾಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.