ಜಿಎಲ್‌ಸಿ 220ಡಿ ಬಿಟ್ಟು ಎಎಂಜಿ 43 ತಗೋಬೇಕಾ? ಮಂಡ್ಯದ ಸದಸ್ಯರಿಗೆ ಉತ್ತರ

ಸರ್, ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗಿನ ಕಮೆಂಟುಗಳನ್ನೂ ಓದಿದೆ. "ತಗೊಳ್ಳಿ ಬಾಸ್, ಇರೋದೊಂದೇ ಜೀವನ" ಅಂತ ಅರ್ಧ ಜನ, "ಆ ದುಡ್ಡಿಗೆ ಸೈಟ್ ಬರುತ್ತೆ" ಅಂತ ಇನ್ನರ್ಧ ಜನ. ಎರಡರಿಂದಲೂ ನಿಮಗೆ ಉಪಯೋಗವಿಲ್ಲ. ನೀವು ಕೇಳಿದ್ದು ಇಷ್ಟು: ಕೈಯಲ್ಲಿ 2020ರ ಮರ್ಸಿಡಿಸ್ ಡೀಸೆಲ್ ಎಸ್‌ಯುವಿ, ಜಿಎಲ್‌ಸಿ 220ಡಿ ಇದೆ, ಸಾಲ ಮುಗಿದಿದೆ, ಅದರದೇ ಜೋರು ಓಡುವ ಪೆಟ್ರೋಲ್ ರೂಪವಾದ ಎಎಂಜಿ ಜಿಎಲ್‌ಸಿ 43 ಕೂಪೆ ಮೇಲೆ ಮನಸ್ಸಾಗಿದೆ. ವಾರದ ದಿನಗಳಲ್ಲಿ ಮಂಡ್ಯದಿಂದ ಮೈಸೂರಿಗೆ ಓಡಾಟ. ಭಾನುವಾರ ಅಪ್ಪ ಅಮ್ಮನ ಜೊತೆ ಪಾಂಡವಪುರದ ಕಡೆ ಊರಿಗೆ. ಆಗಾಗ ಮಡಿಕೇರಿ. ಮನೆಗೆ ಇದೊಂದೇ ದೊಡ್ಡ ಗಾಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಗಾಡಿ ಇಟ್ಟುಕೊಳ್ಳುವ ಹಾಗಿದ್ದರೆ 43 ಬೇಡ. 220ಡಿ ಮನೆಯಲ್ಲೇ ಉಳಿದು ಇದು ಎರಡನೆಯದಾಗಿ ಬರುವ ಹಾಗಿದ್ದರೆ ಖಂಡಿತ ನೋಡಿ, ಆದರೆ ಹೊಸದಲ್ಲ. ಯಾಕೆ ಅಂತ ಹೇಳುತ್ತೇನೆ.

"ಸ್ಪೋರ್ಟಿ" ಅಂತ ಕಂಪನಿಗಳು ಮಾರುವುದರಲ್ಲಿ ಮೂರು ಮಟ್ಟ ಇದೆ. ಕಮೆಂಟುಗಳಲ್ಲಿ ಎಲ್ಲವನ್ನೂ ಒಂದೇ ಅಂತ ಮಾತಾಡುತ್ತಿದ್ದಾರೆ. ಮರ್ಸಿಡಿಸ್‌ನಲ್ಲಿ ಎಎಂಜಿ ಲೈನ್, ಬಿಎಂಡಬ್ಲ್ಯುನಲ್ಲಿ ಎಂ ಸ್ಪೋರ್ಟ್, ಆಡಿಯಲ್ಲಿ ಎಸ್ ಲೈನ್, ಇವೆಲ್ಲ ಬಹುಮಟ್ಟಿಗೆ ಅಲಂಕಾರ. ಬಂಪರ್ ಬೇರೆ, ಸ್ಟೀರಿಂಗ್ ಬೇರೆ, ಚಕ್ರ ದೊಡ್ಡದು. ಇಂಜಿನ್ ಅದೇ. ಅದರ ಮೇಲಿನ ಮಟ್ಟದಲ್ಲಿ ಇಂಜಿನ್, ಬ್ರೇಕ್, ಸಸ್ಪೆನ್ಷನ್ ಎಲ್ಲ ನಿಜವಾಗಿಯೂ ಬದಲಾಗುತ್ತವೆ. ನೀವು ನೋಡಿರುವ 43 ಆ ಸಾಲಿನದು, ಆಡಿಯ ಎಸ್ ಮಾದರಿಗಳೂ ಅಲ್ಲೇ ಬರುತ್ತವೆ. ಮೂರನೆಯದು ಎಲ್ಲಕ್ಕಿಂತ ಮೇಲಿನದು: ಎಎಂಜಿ 63, ಆಡಿಯ ಆರ್‌ಎಸ್, ಬಿಎಂಡಬ್ಲ್ಯುನ ಪೂರ್ತಿ ಎಂ. ಅದು ನಮ್ಮ ಚರ್ಚೆಗೆ ಬೇಡ. ಲೆಕ್ಸಸ್‌ನಲ್ಲಂತೂ ಇನ್ನೂ ಗೊಂದಲ. ಎನ್ಎಕ್ಸ್ 350ಎಚ್ ತಗೊಂಡರೆ ಎಫ್ ಸ್ಪೋರ್ಟ್‌ನಲ್ಲೂ ಅದೇ ಇಂಜಿನ್. ಆರ್‌ಎಕ್ಸ್‌ನಲ್ಲಿ ಎಫ್ ಸ್ಪೋರ್ಟ್ ಹೆಸರಲ್ಲಿ ಬರುವ 500ಎಚ್‌ಗೆ ಟರ್ಬೋ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಬೇರೆಯದೇ ಇಂಜಿನ್. ಹಾಗಾಗಿ ಬ್ಯಾಡ್ಜ್ ನೋಡಿ ಏನೂ ತೀರ್ಮಾನ ಮಾಡಬೇಡಿ.

ನಿಮ್ಮ ವಿಷಯದಲ್ಲಿ ವ್ಯತ್ಯಾಸ ನಿಜವಾದದ್ದೇ. ಈಗಿನ 43ರಲ್ಲಿ 2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್, 421 ಎಚ್‌ಪಿ ಶಕ್ತಿ, 500 ಎನ್ಎಂ ಎಳೆತ (ಟಾರ್ಕ್). ಟರ್ಬೋಗೆ ಒಂದು ಚಿಕ್ಕ ಎಲೆಕ್ಟ್ರಿಕ್ ಮೋಟರ್ ಸೇರಿಸಿದ್ದಾರೆ, ಅದು ಎಫ್1 ಕಾರುಗಳಿಂದ ಬಂದ ವಿದ್ಯೆ. ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 4.8 ಸೆಕೆಂಡು. ನಿಮ್ಮ ಡೀಸೆಲ್‌ಗೆ ಸುಮಾರು 8. ಹಳೆಯ 43ರಲ್ಲಿ ಆರು ಸಿಲಿಂಡರಿನ ವಿ6 ಇಂಜಿನ್ ಇತ್ತು. ಸದ್ದಿನ ವಿಷಯದಲ್ಲಿ ಅದಕ್ಕೆ ಇದು ಸಮ ಅಲ್ಲ ಅಂತ ನನ್ನ ಅನಿಸಿಕೆ, ಜಗಳಕ್ಕೆ ಬರುವವರು ಬರಲಿ.

ಈಗ ಈ 421 ಎಚ್‌ಪಿಯನ್ನು ಎಲ್ಲಿ ಓಡಿಸುತ್ತೀರಿ? ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ 100. ಕ್ಯಾಮೆರಾ ಎಲ್ಲೆಲ್ಲಿ ಇದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 2024ರ ಆಗಸ್ಟ್‌ನಿಂದ 130 ದಾಟಿದರೆ ಬರೀ ದಂಡ ಅಲ್ಲ, ಎಫ್ಐಆರ್. ಗಣಂಗೂರು ಟೋಲ್ ದಾಟಿದ ಮೇಲೆ 4.8 ಸೆಕೆಂಡು ಖುಷಿ, ಆಮೇಲೆ ಮಂಡ್ಯದವರೆಗೆ ನೀವೂ 100, ಪಕ್ಕದ ಇನ್ನೋವಾನೂ 100. ಮಡಿಕೇರಿಗೆ ಹೋಗುವಾಗ ಹುಣಸೂರು, ಪಿರಿಯಾಪಟ್ಟಣದ ಕಡೆ ಎದುರು ಗಾಡಿ ಬರುವ ರಸ್ತೆಯಲ್ಲಿ ಓವರ್‌ಟೇಕ್ ಮಾಡಲು ಜಾಸ್ತಿ ಪವರ್ ಇದ್ದರೆ ಅನುಕೂಲ, ಒಪ್ಪುತ್ತೇನೆ. ಆದರೆ ಅಲ್ಲಿ ನಿಮ್ಮ ಡೀಸೆಲ್ ಕೂಡ ಕಡಿಮೆಯದಲ್ಲ. ಕಡಿಮೆ ಆರ್‌ಪಿಎಂನಲ್ಲೇ 400 ಎನ್ಎಂ ಕೊಡುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೈಲರ್ ಎಳೆದುಕೊಂಡು ಹೋಗುತ್ತಿದ್ದರೆ ನಿಮಗೆ ಬೇಕಾದದ್ದು ಅದೇ ಎಳೆತ.

ಇದಕ್ಕಿಂತ ದೊಡ್ಡ ವಿಷಯ ಟೈರು. ಇದನ್ನು ಇಲ್ಲಿ ಯಾರೂ ಎತ್ತಲಿಲ್ಲ.

ನಾಳೆ ಬೆಳಿಗ್ಗೆ ನಿಮ್ಮ ಗಾಡಿ ಹತ್ತಿರ ಹೋಗಿ ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ. 235/60 ಆರ್18 ಅಂತ ಇದ್ದರೆ, ಟೈರಿನ ಅಗಲ 235 ಎಂಎಂ, ಅದರ 60% ಪಕ್ಕದ ಗೋಡೆಯ ಎತ್ತರ. ಅಂದರೆ 141 ಎಂಎಂ. ಗುಂಡಿಗೆ ಬಿದ್ದಾಗ ರಿಮ್‌ಗೂ ಕಲ್ಲಿಗೂ ನಡುವೆ ಇರುವುದು ಅಷ್ಟು ರಬ್ಬರ್ ಮತ್ತು ಗಾಳಿ. ಅದೇ 255/40 ಆರ್21 ಆದರೆ ಲೆಕ್ಕ 102 ಎಂಎಂಗೆ ಇಳಿಯುತ್ತದೆ. ಸುಮಾರು 4 ಸೆಂಟಿಮೀಟರ್ ಹೋಯಿತು. ಫೋಟೋದಲ್ಲಿ ಚೆಂದ ಕಾಣುವುದು ಈ 4 ಸೆಂಟಿಮೀಟರ್ ಇಲ್ಲದ್ದೇ. ರಸ್ತೆಯಲ್ಲಿ ಏಟು ಬೀಳುವುದೂ ಅಲ್ಲೇ.

ನನ್ನ ಗೆಳೆಯನ ಗಾಡಿಗೆ 20 ಇಂಚಿನ ಚಕ್ರ. ಮಳೆಗಾಲದಲ್ಲಿ ಮೈಸೂರು ರಿಂಗ್ ರೋಡಿನಲ್ಲಿ ನೀರು ತುಂಬಿದ್ದ ಒಂದು ಗುಂಡಿ ಕಾಣಲಿಲ್ಲ. ದೊಡ್ಡ ಸದ್ದೂ ಆಗಲಿಲ್ಲ, ಟಪ್ ಅಂತ ಒಂದೇ ಏಟು. ಮನೆಗೆ ಬಂದು ನೋಡಿದರೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಗುಳ್ಳೆ. ಒಳಗಿನ ದಾರ ಹರಿದಿತ್ತು. ಪಂಕ್ಚರ್ ಹಾಕಿಸುವ ಕೇಸಲ್ಲ, ಟೈರೇ ಎಸೆಯಬೇಕು. ಆ ಸೈಜು ಮೈಸೂರಿನ ಅಂಗಡಿಗಳಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿದರು. ಜೊತೆಗೆ ಅದೇ ಜೋಡಿಯ ಇನ್ನೊಂದು ಟೈರ್ ಅರ್ಧ ಸವೆದಿತ್ತು. ನಾಲ್ಕು ಚಕ್ರಕ್ಕೂ ಪವರ್ ಹೋಗುವ ಗಾಡಿಯಲ್ಲಿ ಒಂದೇ ಹೊಸ ಟೈರ್ ಹಾಕಿದರೆ ಸುತ್ತಳತೆ ಹೊಂದುವುದಿಲ್ಲ. ಕೊನೆಗೆ ಎರಡು ಹಾಕಿಸಬೇಕಾಯಿತು.

ಪಾಂಡವಪುರದ ಕಡೆ ನಾಲೆ ಏರಿ ರಸ್ತೆಗಳನ್ನು ನೆನೆಸಿಕೊಳ್ಳಿ. ಎದುರಿಗೆ ಗಾಡಿ ಬಂದರೆ ಡಾಂಬರ್ ಬಿಟ್ಟು ಒಂದು ಚಕ್ರ ಕೆಳಗಿಳಿಸಲೇಬೇಕು. ಆ ಅಂಚಿನಲ್ಲಿ ಡಾಂಬರ್ ಒಡೆದು ಕತ್ತಿಯ ಹಾಗೆ ನಿಂತಿರುತ್ತದೆ. ತಡೆಗೋಡೆ ಇಲ್ಲದ ಕಡೆ ಒಂದು ಕಣ್ಣು ನೀರಿನ ಮೇಲೆ, ಒಂದು ಕಣ್ಣು ರಿಮ್ ಮೇಲೆ ಇಟ್ಟು ಓಡಿಸುವುದು ಯಾವ ಸ್ಪೋರ್ಟ್, ಹೇಳಿ. 43ರಲ್ಲಿ ಹಿಂದಿನ ಚಕ್ರಗಳೂ 2.5 ಡಿಗ್ರಿ ತಿರುಗುತ್ತವೆ, ಕಿರಿದಾದ ಜಾಗದಲ್ಲಿ ತಿರುಗಿಸಲು ಸುಲಭ ಆಗುತ್ತದೆ. ಆದರೆ ಅಂಚಿನ ಏಟಿಗೆ ಅದರಿಂದ ಏನೂ ಉಪಯೋಗವಿಲ್ಲ.

ಹಿಂದಿನ ಸೀಟಿನ ವಿಷಯ. ಕೂಪೆಯ ಮೇಲ್ಛಾವಣಿ ಹಿಂದಕ್ಕೆ ಇಳಿಜಾರು. ನಿಮ್ಮ ತಂದೆ ಎತ್ತರ ಇದ್ದರೆ ಒಳಗೆ ಹೋಗುವಾಗ ತಲೆ ಬಗ್ಗಿಸಬೇಕು. ಮುಂದಿನ ಸೀಟಿನ ಎರಡೂ ಪಕ್ಕದಲ್ಲಿ ಉಬ್ಬಿರುವ ದಿಂಬು ತಿರುವಿನಲ್ಲಿ ಹಿಡಿದು ಕೂರಿಸುತ್ತದೆ, ಸರಿ. ಸೀರೆ ಉಟ್ಟ ಅಮ್ಮ ಅದರ ಮೇಲಿಂದ ಜಾರಿ ಇಳಿಯಬೇಕು, ಅದನ್ನೂ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎಲ್ಲಿ ಇಟ್ಟಿದ್ದಾರೆ ಅಂತಲೂ ತೆರೆದು ನೋಡಿ. ಈ ವರ್ಗದ ಎಷ್ಟೋ ಗಾಡಿಗಳಲ್ಲಿ ಅದು ನೆಲದ ಮೇಲೇ ಕೂತಿರುತ್ತದೆ. ಊರಿಂದ ಬರುವಾಗ ಎಳನೀರು, ಅಕ್ಕಿ ಮೂಟೆ ಎಲ್ಲಿಡುತ್ತೀರಿ?

ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು. ನಿಮ್ಮದರಲ್ಲಿ ಇರುವುದು ಸಾಮಾನ್ಯ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ), ಬೆಣ್ಣೆಯ ಹಾಗೆ ನಯ. 43ರಲ್ಲಿ ಅದರ ಜಾಗದಲ್ಲಿ ಎಣ್ಣೆಯಲ್ಲಿ ಓಡುವ ಕ್ಲಚ್ ಇದೆ. ಜೋರಾಗಿ ಓಡಿಸುವಾಗ ಅದು ಚುರುಕು. ಟೋಲ್ ಕ್ಯೂನಲ್ಲಿ, ಮೈಸೂರಿನ ಹಿನಕಲ್ ಹತ್ತಿರ ಸಂಜೆ ತೆವಳುವಾಗ ಹೇಗಿರುತ್ತದೆ ಅಂತ ನೀವೇ ಓಡಿಸಿ ನೋಡಬೇಕು. ಪೆಟ್ರೋಲ್ ಕೂಡ ಸುಮ್ನೆ ಎಲ್ಲಾದರೂ ಹಾಕಿಸುವ ಹಾಗಿಲ್ಲ. ಎಷ್ಟು ಆಕ್ಟೇನ್ (ಪೆಟ್ರೋಲಿನ ದರ್ಜೆ) ಬೇಕು ಅಂತ ಮುಚ್ಚಳದ ಒಳಗೆ ಬರೆದಿರುತ್ತದೆ, ಓದಿ.

ದುಡ್ಡು. 43 ಕೂಪೆ 2024ರ ಮೇನಲ್ಲಿ ಬಂದಾಗ ಎಕ್ಸ್ ಶೋರೂಂ 1.10 ಕೋಟಿ. ಹೊಸ 220ಡಿ 2023ರಲ್ಲಿ ಬಂದಾಗ 74.5 ಲಕ್ಷ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಜಿಎಸ್‌ಟಿ, ಸೆಸ್ ಸೇರಿ 50% ಇದ್ದದ್ದು 40% ಆಯಿತು. ಹಾಗಾಗಿ ಹಳೆಯ ಬೆಲೆ ಹಿಡಿದುಕೊಂಡು ಕೂರಬೇಡಿ, ಹೊಸ ಕೊಟೇಶನ್ ತಗೊಳ್ಳಿ. ಅಂತರ ಎಷ್ಟು ಅನ್ನುವುದು ನೋಡಿ ಸಾಕು. ಆ ಅಂತರದ ಮೇಲೆ ರಸ್ತೆ ತೆರಿಗೆಯೂ ಇದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ 18%, ಆ ತೆರಿಗೆಯ ಮೇಲೆ 11% ಸೆಸ್, ಎಲ್ಲ ಸೇರಿ ಹತ್ತಿರ ಹತ್ತಿರ 20%. 35 ಲಕ್ಷ ಜಾಸ್ತಿ ಕೊಟ್ಟರೆ ಸರ್ಕಾರಕ್ಕೆ ಇನ್ನೊಂದು 7 ಲಕ್ಷ. ಮಾರುವಾಗ ಆ 7 ಲಕ್ಷಕ್ಕೆ ಯಾರೂ ಬೆಲೆ ಕೊಡಲ್ಲ. 1% ಟಿಸಿಎಸ್ (ಮಾರುವವರು ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದು ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಚಿಂತೆ ಬೇಡ. ನಿಮ್ಮ ರೈಸ್ ಮಿಲ್ ಹೆಸರಲ್ಲಿ ತಗೊಂಡರೆ ಆದಾಯ ತೆರಿಗೆ ಲೆಕ್ಕದಲ್ಲಿ ಸವಕಳಿ ಸಿಗುತ್ತದೆ, ಕಾರಿನ ಜಿಎಸ್‌ಟಿ ಮಾತ್ರ ವಾಪಸ್ ಬರಲ್ಲ. ಉಳಿದದ್ದು ನಿಮ್ಮ ಆಡಿಟರ್ ಹತ್ತಿರ ಕೇಳಿ.

ಇದಕ್ಕೇ ನಾನು ಹೊಸದು ಬೇಡ ಅಂದದ್ದು. ಎರಡು ಮೂರು ವರ್ಷ ಓಡಿದ 43 ಸಿಕ್ಕರೆ ಮೊದಲ ಮಾಲೀಕರು ತೆರಿಗೆ ಕಟ್ಟಿರುತ್ತಾರೆ, ಬೆಲೆಯ ದೊಡ್ಡ ಕುಸಿತವೂ ಅವರ ಲೆಕ್ಕದಲ್ಲೇ ಹೋಗಿರುತ್ತದೆ. ಕರ್ನಾಟಕದ ನೋಂದಣಿ ಇರುವುದನ್ನೇ ನೋಡಿ. ದೆಹಲಿ ಗಾಡಿ ಅಗ್ಗ ಅಂತ ತಂದರೆ ಎನ್ಒಸಿ, ಮರು ನೋಂದಣಿ, ಗಾಡಿಯ ವಯಸ್ಸಿಗೆ ತಕ್ಕ ತೆರಿಗೆ ಇಲ್ಲಿ ಮತ್ತೆ ಕಟ್ಟಬೇಕು. ಕಂಪನಿ ವಾರಂಟಿ ಉಳಿದಿದೆಯಾ, ವಿಸ್ತರಿಸಲು ಆಗುತ್ತದಾ, ಇದು ಬರಹದಲ್ಲಿ ಬೇಕು. ನಾಲ್ಕು ಟೈರಿನ ತಯಾರಿಕೆ ದಿನಾಂಕ ನೋಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 2323 ಅಂದರೆ 2023ರ 23ನೇ ವಾರ. ರಿಮ್‌ನ ಒಳಮುಖಕ್ಕೆ ಟಾರ್ಚ್ ಹಾಕಿ. ಹೊರಗೆ ಪಾಲಿಶ್ ಮಾಡಿಸಿರುತ್ತಾರೆ, ಒಳಗಿನ ಬೆಂಡ್ ಹಾಗೇ ಇರುತ್ತದೆ.

ಇನ್ಶೂರೆನ್ಸ್‌ನಲ್ಲಿ ಝೀರೋ ಡೆಪ್ (ಸವಕಳಿ ಕಳೆಯದೆ ಕ್ಲೇಮ್ ಕೊಡುವ ಕವರ್) ಜೊತೆ ಟೈರ್ ಕವರ್, ಇಂಜಿನ್ ಪ್ರೊಟೆಕ್ಟ್ ಎರಡೂ ಹಾಕಿಸಿ, ಯಾವ ಗಾಡಿ ಆದರೂ. 2022ರ ಆಗಸ್ಟ್‌ನಲ್ಲಿ ರಾಮನಗರದ ಹತ್ತಿರ ಹೆದ್ದಾರಿ ಮೇಲೇ ನೀರು ನಿಂತದ್ದು ನೆನಪಿದೆ ಅಲ್ವಾ? ನೀರೆಳೆದು ಇಂಜಿನ್ ಹೋದರೆ ಸಾದಾ ಪಾಲಿಸಿಯಲ್ಲಿ ಸಾಮಾನ್ಯವಾಗಿ ಕೊಡಲ್ಲ.

ಇನ್ನು ಓಡಿಸುವ ಆಸೆಯೇ ಮುಖ್ಯ, ಗಾಡಿ ನೆಪ ಅಂತಾದರೆ, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ ಯಾವಾಗ ಇದೆ ಅಂತ ವಿಚಾರಿಸಿ. ಮೈಸೂರಿನಿಂದ ಚಾಮರಾಜನಗರ, ದಿಂಬಂ ಘಾಟಿ ಮೇಲೆ ಹೋಗಬಹುದು. 27 ಹೇರ್‌ಪಿನ್ ತಿರುವು ಇರುವ ರಸ್ತೆ. ಹಗಲಲ್ಲೇ ದಾಟಿ, ರಾತ್ರಿ ನಿರ್ಬಂಧ ಇದೆ. ಆ ತಿರುವುಗಳಲ್ಲಿ ನಿಮ್ಮ 220ಡಿಗೇ ಒಳ್ಳೆಯ ಟೈರ್ ಹಾಕಿ, ಬ್ರೇಕ್ ಆಯಿಲ್ ಬದಲಿಸಿ ಹೋದರೂ ಸಾಕಷ್ಟು ಮಜಾ ಇದೆ.

ಶೋರೂಂನವರು ಟೆಸ್ಟ್ ಡ್ರೈವ್‌ಗೆ ನುಣುಪಾದ ರಸ್ತೆಯಲ್ಲಿ ಹತ್ತು ನಿಮಿಷ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಒಪ್ಪಬೇಡಿ. ಮನೆಗೆ ತರಿಸಿ. ಕೋಟಿ ಕೊಡುವ ಗಿರಾಕಿಗೆ ಇಲ್ಲ ಅನ್ನಲ್ಲ. ಡೆಮೋ ಗಾಡಿಯಲ್ಲಿ ಇರುವ ಚಕ್ರದ ಸೈಜೇ ನಿಮಗೆ ಕೊಡುವ ಗಾಡಿಯಲ್ಲೂ ಇರುತ್ತದಾ ಅಂತ ಮೊದಲೇ ಕೇಳಿ. ಅಪ್ಪ ಅಮ್ಮನನ್ನು ಹಿಂದೆ ಕೂರಿಸಿ, ಸರ್ವಿಸ್ ರಸ್ತೆಯ ಹಂಪ್‌ಗಳ ಮೇಲೆ ಕಂಫರ್ಟ್ ಮೋಡ್‌ನಲ್ಲಿ ಒಮ್ಮೆ, ಸ್ಪೋರ್ಟ್‌ನಲ್ಲಿ ಒಮ್ಮೆ ಹೋಗಿ. ನೀವು ಏನೂ ಕೇಳಬೇಡಿ, ಅವರೇ ಹೇಳುತ್ತಾರೆ. ಅವರು ಏನಂದರು ಅನ್ನುವುದನ್ನು ಇಲ್ಲಿ ಬರೆಯಿರಿ. ಕೊಟೇಶನ್ ಬಂದರೆ ಅದನ್ನೂ ಹಾಕಿ, ಯಾವ್ಯಾವ ಸಾಲು ಕಿತ್ತು ಹಾಕಿಸಬಹುದು ಅಂತ ಕೂತು ನೋಡೋಣ.